ಮೆಂಡೋಟಾ ಹೆಪ್ಪುಗಟ್ಟಲಿ

ನವೆಂಬರ್ 15ರಿಂದ ನಮ್ಮ ಬೀದಿಯಲ್ಲಿ ಕಾರು ನಿಲ್ಲಿಸುವ ನಿಯಮ ಬದಲಾಗುತ್ತದೆ. ನಗರಸಭೆ ಹಿಮದ ತುರ್ತುಸ್ಥಿತಿ ಸಾರಿದಾಗ ಒಂದು ರಾತ್ರಿ ಸಮಸಂಖ್ಯೆಯ ಮನೆಗಳ ಕಡೆ, ಮರುರಾತ್ರಿ ಬೆಸಸಂಖ್ಯೆಯ ಕಡೆ. ಹಿಮ ಬಿದ್ದರೆ ಅದನ್ನು ತಳ್ಳಿಕೊಂಡು ಹೋಗುವ ಲಾರಿಗೆ ಒಂದು ಪಕ್ಕವಾದರೂ ಖಾಲಿ ಇರಬೇಕಲ್ಲ, ಅದಕ್ಕೆ ಈ ಏರ್ಪಾಡು. ಮಾರ್ಚ್ 15ರವರೆಗೂ ಇದು ಜಾರಿಯಲ್ಲಿರುತ್ತದೆ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ರಾಜಧಾನಿ ಮ್ಯಾಡಿಸನ್‌ನಲ್ಲಿ ಬದುಕುವ ನಮಗೆ ಚಳಿಗಾಲದ ಮೊದಲ ಸೂಚನೆ ಹೀಗೆ ನಗರಸಭೆಯಿಂದಲೇ ಬರುತ್ತದೆ.

ಅಲ್ಲಿಂದ ಮುಂದೆ ಊರಿಗೆ ಊರೇ ಕಾಯಲು ತೊಡಗುತ್ತದೆ. ಗ್ಯಾರೇಜಿನ ಮೂಲೆ ಸೇರಿದ್ದ ಸಲಿಕೆ ಬಾಗಿಲ ಹತ್ತಿರ ಬರುತ್ತದೆ. ಅಂಗಡಿಗಳ ಮುಂದೆ ಉಪ್ಪಿನ ಚೀಲಗಳನ್ನು ಪೇರಿಸುತ್ತಾರೆ. ಹೋದ ವರ್ಷದ ಬೂಟು ಮಕ್ಕಳ ಕಾಲಿಗೆ ಹಿಡಿಸುತ್ತದೋ ಇಲ್ಲವೋ ಎಂದು ತಾಯಂದಿರು ಹಾಕಿಸಿ ನೋಡುತ್ತಾರೆ. ರಾತ್ರಿ ಉಡುಪಿನ ಒಳಮೈ ಹೊರಗೆ ಮಾಡಿ ತೊಟ್ಟು, ದಿಂಬಿನ ಕೆಳಗೆ ಚಮಚ ಇಟ್ಟುಕೊಂಡು ಮಲಗಿದರೆ ಬೆಳಗಾಗುವಷ್ಟರಲ್ಲಿ ಹಿಮ ಬಿದ್ದು ಶಾಲೆಗೆ ರಜೆ ಸಿಗುತ್ತದೆ ಎಂಬುದು ಇಲ್ಲಿನ ಮಕ್ಕಳ ನಂಬಿಕೆ. ನನ್ನ ಮಗನೂ ಚಿಕ್ಕವನಿದ್ದಾಗ ಹಾಗೆ ಮಲಗಿದವನೇ. ಚಮಚವನ್ನು ಅಡುಗೆಮನೆಯಿಂದ ನಾನೇ ತಂದುಕೊಡುತ್ತಿದ್ದೆ. ದೊಡ್ಡವರು ಹವಾಮಾನ ವರದಿಗೆ ಕಿವಿಗೊಡುತ್ತಾರೆ. ಕೆನಡಾದ ಕಡೆಯಿಂದ ಬರುವ ಆಲ್ಬರ್ಟಾ ಕ್ಲಿಪರ್ ಆದರೆ ಹಗುರವಾದ ಒಣ ಹಿಮ, ಎರಡು ಮೂರು ಇಂಚು. ಕೊಲರಾಡೋ ದಿಕ್ಕಿನಿಂದ ಎದ್ದ ವಾಯುಭಾರ ಕುಸಿತವಾದರೆ ಒಂದು ಅಡಿ ಬಿದ್ದರೂ ಬಿದ್ದೀತು. ಬಸ್ ನಿಲ್ದಾಣದಲ್ಲಿ ಪಕ್ಕ ನಿಂತ ಅಪರಿಚಿತರೂ ಈ ಎರಡರಲ್ಲಿ ಯಾವುದು ಬರಲಿದೆ ಎಂದು ಮಾತಿಗಿಳಿಯುತ್ತಾರೆ.

ಇಲ್ಲಿಗೆ ಬಂದ ಹೊಸದರಲ್ಲಿ ನನ್ನನ್ನು ಮೊದಲು ಹಿಡಿದು ನಿಲ್ಲಿಸಿದ್ದು ಈ ಕಾಯುವಿಕೆ. ಹಿಮ ಆಮೇಲೆ ಬಂತು. ನಾನು ಮೂಡಿಗೆರೆಯ ಕಾಫಿ ತೋಟದಲ್ಲಿ ಬೆಳೆದವಳು. ಕಾಯುವುದು ಅಂದರೆ ಏನು ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಫೆಬ್ರವರಿ ಮುಗಿಯುತ್ತಿದ್ದ ಹಾಗೆ ಅಪ್ಪ ದಿನಕ್ಕೆ ಹತ್ತು ಸಲ ಅಂಗಳಕ್ಕೆ ಬಂದು ಪಡುವಣ ಬಾನು ನೋಡುತ್ತಿದ್ದರು. ಗಿಡದ ರೆಂಬೆಗಳಲ್ಲಿ ಮೊಗ್ಗು ಕಟ್ಟಿ ನಿಂತಿರುತ್ತದೆ. ಒಂದು ಇಂಚು ಹೂಮಳೆ ಬಿದ್ದರೆ ಒಂಬತ್ತು ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗೆ ಅರಳುತ್ತದೆ. ಮನೆಯ ಎದುರಿಗೆ ಮಳೆಮಾಪಕ, ಒಳಗೆ ಗೋಡೆಗೆ ತೂಗುಹಾಕಿದ ರಿಜಿಸ್ಟರ್. ಬೆಳಗ್ಗೆ ಎಂಟಕ್ಕೆ ಅಳೆದು ಇಂಚು, ಸೆಂಟ್ಸ್ (ಇಂಚಿನ ನೂರನೇ ಒಂದು ಪಾಲು) ಲೆಕ್ಕದಲ್ಲಿ ಬರೆಯಬೇಕು. ಮಳೆ ಬೀಳದ ದಿನವೂ ಸೊನ್ನೆ ಬರೆಯದೆ ಅಪ್ಪ ಕಾಫಿ ಮುಟ್ಟುತ್ತಿರಲಿಲ್ಲ. ಮಲೆನಾಡಿನ, ಕೊಡಗಿನ ಎಷ್ಟೋ ತೋಟದ ಮನೆಗಳಲ್ಲಿ ಇಂಥ ರಿಜಿಸ್ಟರುಗಳು ತಲೆಮಾರಿನಿಂದ ತಲೆಮಾರಿಗೆ ಬಂದಿವೆ. ಹೀಗೆ ಬೆಳೆದ ನಾನು ಮ್ಯಾಡಿಸನ್‌ಗೆ ಬಂದು ನೋಡಿದರೆ ಇಲ್ಲಿಯೂ ಒಂದು ರಿಜಿಸ್ಟರ್ ಇತ್ತು. ಅದು ಒಂದು ಸರೋವರದ ಲೆಕ್ಕ.

ಮ್ಯಾಡಿಸನ್ ಊರು ಎರಡು ಸರೋವರಗಳ ನಡುವಿನ ಸಣ್ಣ ನೆಲಪಟ್ಟಿಯ ಮೇಲೆ ಕೂತಿದೆ. ಒಂದು ಕಡೆ ಮೊನೋನಾ, ಇನ್ನೊಂದು ಕಡೆ ಮೆಂಡೋಟಾ. ಮೆಂಡೋಟಾ ದೊಡ್ಡದು, ಸುಮಾರು 40 ಚದರ ಕಿಲೋಮೀಟರ್. ಅತಿ ಆಳದ ಕಡೆ 25 ಮೀಟರ್. ವಿಶ್ವವಿದ್ಯಾಲಯದ ಕಟ್ಟಡಗಳು ಇದರ ದಂಡೆಗೇ ಒತ್ತಿಕೊಂಡಿವೆ. ಎಡ್ವರ್ಡ್ ಬರ್ಜ್ ಮತ್ತು ಚಾನ್ಸಿ ಜೂಡೇ ಎಂಬಿಬ್ಬರು ಇಲ್ಲಿಯೇ ದೋಣಿಯಲ್ಲಿ ಕೂತು ನೀರಿನ ಆಳ ಆಳದ ತಾಪ ಅಳೆಯುತ್ತಾ ಉತ್ತರ ಅಮೆರಿಕದ ಸರೋವರ ವಿಜ್ಞಾನಕ್ಕೆ ಅಡಿಪಾಯ ಹಾಕಿದರು. ಈ ಮೆಂಡೋಟಾ ಯಾವ ದಿನ ಹೆಪ್ಪುಗಟ್ಟಿತು, ಯಾವ ದಿನ ಒಡೆಯಿತು ಎಂಬುದನ್ನು 1850ರ ದಶಕದಿಂದ ಬರೆದಿಟ್ಟುಕೊಂಡು ಬಂದಿದ್ದಾರೆ. ಈಗ ಅದನ್ನು ಘೋಷಿಸುವುದು ರಾಜ್ಯದ ಹವಾಮಾನ ಕಚೇರಿ. ಹೆಪ್ಪುಗಟ್ಟಿದೆಯೋ ಇಲ್ಲವೋ ಎಂದು ತೀರ್ಮಾನಿಸುವ ಬಗೆ ಹಳೆಯ ಕಾಲದ್ದು, ನನಗೆ ತುಂಬ ಇಷ್ಟವಾದದ್ದು. ಪಿಕ್ನಿಕ್ ಪಾಯಿಂಟ್ ಎಂಬ ಚಾಚಿನಿಂದ ಎದುರು ದಂಡೆಯ ಮೇಪಲ್ ಬ್ಲಫ್‌ವರೆಗೆ ದೋಣಿಗೆ ಹುಟ್ಟು ಹಾಕಿಕೊಂಡು ಹೋಗಲು ಸಾಧ್ಯವೇ? ಸಾಧ್ಯವಿದ್ದರೆ ಸರೋವರ ತೆರೆದಿದೆ. ಇಲ್ಲವಾದರೆ ಹೆಪ್ಪುಗಟ್ಟಿದೆ.

ಹೆಪ್ಪುಗಟ್ಟುವುದು ಒಂದು ರಾತ್ರಿಯ ಕೆಲಸದಂತೆ ಕಾಣುತ್ತದೆ. ಆದರೆ ಸರೋವರ ಅದಕ್ಕೆ ಸೆಪ್ಟೆಂಬರಿನಿಂದಲೇ ಸಿದ್ಧವಾಗುತ್ತಿರುತ್ತದೆ. ನೀರು ಎಲ್ಲಕ್ಕಿಂತ ಭಾರವಾಗಿರುವುದು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಶರತ್ಕಾಲದ ಗಾಳಿಗೆ ಮೇಲಿನ ನೀರು ತಣಿದು, ತೂಕ ಹೆಚ್ಚಿ, ತಳಕ್ಕೆ ಇಳಿಯುತ್ತದೆ. ಅಡಿಯದು ಮೇಲೆ ಬಂದು ತಾನೂ ತಣಿಯುತ್ತದೆ. ಮಜ್ಜಿಗೆ ಕಡೆದ ಹಾಗೆ ಮೇಲಿನದು ಕೆಳಗೆ, ಕೆಳಗಿನದು ಮೇಲೆ. 25 ಮೀಟರ್ ಆಳದ ನೀರೆಲ್ಲ 4 ಡಿಗ್ರಿಗೆ ಬರುವ ತನಕ ಇದು ನಿಲ್ಲುವುದಿಲ್ಲ. ಅದಾದ ಮೇಲೆ ಇನ್ನೂ ತಣಿದ ನೀರು ಹಗುರಾಗಿ ಮೇಲೆಯೇ ನಿಲ್ಲುತ್ತದೆ, ಸೊನ್ನೆಗೆ ಇಳಿಯುತ್ತದೆ. ಆಗ ಗಾಳಿ ಬೀಸದ ಒಂದೇ ಒಂದು ಕಡುಚಳಿಯ ರಾತ್ರಿ ಸಾಕು. ಗಾಳಿ ಎದ್ದರೆ ಆಗಷ್ಟೇ ಕಟ್ಟಿದ ತೆಳು ಹಾಳೆ ಒಡೆದುಹೋಗುತ್ತದೆ, ಮತ್ತೆ ಕಾಯಬೇಕು. ಆಳ ಕಡಿಮೆಯಿರುವ ಮೊನೋನಾ ಸಾಮಾನ್ಯವಾಗಿ ಮೊದಲು ಕಟ್ಟುತ್ತದೆ. ಮೆಂಡೋಟಾ ಆಮೇಲೆ.

ಅಂಥ ರಾತ್ರಿಯ ಮರುಬೆಳಗ್ಗೆ ದಂಡೆಗೆ ಹೋಗಿ ನೋಡಬೇಕು. ಹೊಸ ಮಂಜುಗಡ್ಡೆ ಬೆಳ್ಳಗಿರುವುದಿಲ್ಲ, ಕರಿಗಾಜಿನಂತೆ ಪಾರದರ್ಶಕ. ಕೆಳಗೆ ಜೊಂಡಿನ ಎಸಳು ಎಸಳೂ ಕಾಣುತ್ತದೆ. ತಳದ ಕೆಸರಿನಿಂದ ಎದ್ದ ಗಾಳಿಗುಳ್ಳೆಗಳು ಅರ್ಧ ದಾರಿಯಲ್ಲಿ ಸಿಕ್ಕಿಕೊಂಡು, ಒಂದರ ಮೇಲೊಂದು ಬಿಳಿ ನಾಣ್ಯ ಜೋಡಿಸಿದಂತೆ ನಿಂತಿರುತ್ತವೆ. ಬಿಸಿಲೇರಿದಾಗ ಮಂಜುಗಡ್ಡೆ ಹಿಗ್ಗಿ ಕುಗ್ಗಿ ಸದ್ದು ಮಾಡುತ್ತದೆ. ದಂಡೆಯಲ್ಲಿ ನಿಂತವರ ಕಾಲಡಿಯಿಂದ ಹೊರಟ ಗುಂಯ್ ಎಂಬ ದನಿ ಎದುರು ದಂಡೆಯವರೆಗೂ ಓಡಿಹೋಗುವುದನ್ನು ಕಿವಿಯಿಂದಲೇ ಹಿಂಬಾಲಿಸಬಹುದು. ನಾಲ್ಕು ಇಂಚು ಗಟ್ಟಿಯಾದರೆ ಅದರ ಮೇಲೆ ನಡೆಯಬಹುದು ಎಂಬುದು ಇಲ್ಲಿನ ಲೆಕ್ಕ. ಮೀನು ಹಿಡಿಯುವವರು ಕೈಬೈರಿಗೆ ಹಿಡಿದು ಎಲ್ಲರಿಗಿಂತ ಮುಂಚೆ ಇಳಿಯುತ್ತಾರೆ. ಹಿಂದೆಯೇ ಅವರ ಪುಟ್ಟ ಗುಡಿಸಲುಗಳು ಬರುತ್ತವೆ. ಹಾಯಿ ಕಟ್ಟಿದ ಹಿಮದೋಣಿಗಳು, ಸ್ಕೇಟ್ ಕಟ್ಟಿಕೊಂಡ ಮಕ್ಕಳು, ನಾಯಿ ಕರೆದುಕೊಂಡು ಎದುರು ದಂಡೆಗೆ ಹೊರಟ ಮುದುಕರು. ನೀರಾಗಿದ್ದ ಜಾಗ ಮೂರು ತಿಂಗಳ ಮಟ್ಟಿಗೆ ಊರಿನ ಮೈದಾನವಾಗುತ್ತದೆ.

ಒಂದು ಕಾಲಕ್ಕೆ ಅದು ಜನರ ದುಡಿಮೆಯ ಜಾಗವೂ ಆಗಿತ್ತು. ಫ್ರಿಜ್ ಇಲ್ಲದ ದಿನಗಳಲ್ಲಿ ಈ ಸೀಮೆಯ ಸರೋವರಗಳ ಮಂಜುಗಡ್ಡೆಯನ್ನು ಗರಗಸದಿಂದ ಕೊಯ್ದು, ಹೊಟ್ಟಿನಲ್ಲಿ ಹುದುಗಿಸಿ, ಬಿಯರ್ ತಯಾರಕರಿಗೂ ಮಾಂಸದ ವ್ಯಾಪಾರಿಗಳಿಗೂ ರೈಲಿನಲ್ಲಿ ಕಳಿಸುತ್ತಿದ್ದರು. ಬಾಸ್ಟನ್‌ನ ಫ್ರೆಡರಿಕ್ ಟ್ಯೂಡರ್ ಎಂಬ ವ್ಯಾಪಾರಿ ತನ್ನ ಸೀಮೆಯ ಕೊಳಗಳ ಮಂಜುಗಡ್ಡೆಯನ್ನು ಹಡಗಿಗೆ ತುಂಬಿಸಿ 1833ರಲ್ಲಿ ಕಲ್ಕತ್ತೆಗೆ ಮುಟ್ಟಿಸಿದ. ಆ ವ್ಯಾಪಾರಕ್ಕಾಗಿಯೇ ಚೆನ್ನೈ ಕಡಲತೀರದಲ್ಲಿ ಕಟ್ಟಿದ ಐಸ್ ಹೌಸ್ ಇವತ್ತಿಗೂ ಇದೆ. ಮುಂದೆ ಸ್ವಾಮಿ ವಿವೇಕಾನಂದರು ತಂಗಿದ್ದರಿಂದ ಅದಕ್ಕೆ ಅವರ ಹೆಸರು ಬಂತು. ಅಮೆರಿಕದ ಕೊಳವೊಂದು ಹೆಪ್ಪುಗಟ್ಟುವುದನ್ನೇ ನಂಬಿಕೊಂಡು ಬಂಗಾಳ ಕೊಲ್ಲಿಯ ದಂಡೆಯಲ್ಲಿ ಕಟ್ಟಡ ಎಬ್ಬಿಸುವಷ್ಟು ನೆಚ್ಚಿಕೆ ಆ ಚಳಿಗಾಲದ ಮೇಲಿತ್ತು.

ಮೆಂಡೋಟಾದ ರಿಜಿಸ್ಟರ್ ನೋಡಿದರೆ ಆ ನೆಚ್ಚಿಕೆ ಎಲ್ಲಿಂದ ಬಂತು ಎಂದು ತಿಳಿಯುತ್ತದೆ. 1880–81ರ ಚಳಿಗಾಲದಲ್ಲಿ ಸರೋವರ 161 ದಿನ ಮುಚ್ಚಿಕೊಂಡಿತ್ತು. ಬರೆಯಲು ತೊಡಗಿದ ಮೊದಮೊದಲ ದಶಕಗಳಲ್ಲಿ ಸರಾಸರಿ ನಾಲ್ಕು ತಿಂಗಳು ಮಂಜುಗಡ್ಡೆ ಇರುತ್ತಿತ್ತು. ಈಗ ಮೂರು ತಿಂಗಳು ಇದ್ದರೆ ಹೆಚ್ಚು. 2001–02ರಲ್ಲಿ ಇದ್ದದ್ದು ಬರೇ 21 ದಿನ. ಮ್ಯಾಡಿಸನ್ನಿನ ವಿಶ್ವವಿದ್ಯಾಲಯದ ಜಾನ್ ಮ್ಯಾಗ್ನುಸನ್ ಬೇರೆ ಬೇರೆ ದೇಶಗಳಿಂದ ಇಂಥ ಹಳೆಯ ಲೆಕ್ಕಗಳನ್ನು ಕಲೆಹಾಕಿ, ಸಂಗಡಿಗರೊಂದಿಗೆ 2000ದಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. 1846ರಿಂದ 1995ರವರೆಗೆ ಉತ್ತರ ಗೋಳಾರ್ಧದ ಸರೋವರ, ನದಿಗಳು ಹೆಪ್ಪುಗಟ್ಟುವುದು ನೂರು ವರ್ಷಕ್ಕೆ 5.8 ದಿನದಂತೆ ತಡವಾಗುತ್ತಾ, ಒಡೆಯುವುದು 6.5 ದಿನದಂತೆ ಬೇಗವಾಗುತ್ತಾ ಬಂದಿದೆ ಎಂದು ಅದರಲ್ಲಿ ತೋರಿಸಿದರು. ಹೀಗೆ ಕಲೆಹಾಕಿದ ಲೆಕ್ಕಗಳಲ್ಲಿ ಎಲ್ಲಕ್ಕಿಂತ ಹಳೆಯದು ಜಪಾನಿನ ಸುವಾ ಸರೋವರದ್ದು. ಅಲ್ಲಿನ ದೇವಾಲಯದ ಅರ್ಚಕರು 1443ರಿಂದ ಬರೆದಿದ್ದಾರೆ. ವಿಜಯನಗರದಲ್ಲಿ ಇಮ್ಮಡಿ ದೇವರಾಯ ಆಳುತ್ತಿದ್ದ ಕಾಲ ಅದು. ಸರೋವರ ಕಟ್ಟಿ, ನಡುವೆ ಬಿರಿದು, ಮಂಜುಗಡ್ಡೆಯ ಏಣು ಮೇಲೆದ್ದರೆ, ಅದು ದೇವರು ಆಚೆ ದಂಡೆಯಲ್ಲಿರುವ ದೇವಿಯನ್ನು ಕಾಣಲು ನಡೆದುಹೋದ ದಾರಿ ಎಂದು ಅವರ ನಂಬಿಕೆ. 2018ರಲ್ಲಿ ಆ ದಾರಿ ಮೂಡಿತ್ತು. 2019ರಿಂದ 2025ರವರೆಗೆ ಒಂದು ಚಳಿಗಾಲದಲ್ಲೂ ಮೂಡಲಿಲ್ಲ. ಹೀಗಿದ್ದೂ ಅರ್ಚಕರು ಪ್ರತಿ ವರ್ಷ ಕಡುಚಳಿಯ ದಿನಗಳಲ್ಲಿ ಬೆಳಕು ಹರಿಯುವ ಮುಂಚೆ ದಂಡೆಗೆ ಬಂದು ನೀರಿನ ತಾಪ ನೋಡಿ ಬರೆದುಕೊಂಡು ಹೋಗುತ್ತಾರೆ. ಮಳೆಯಿಲ್ಲದ ದಿನ ಅಪ್ಪ ಬರೆಯುತ್ತಿದ್ದ ಸೊನ್ನೆ ನನಗೆ ಇಲ್ಲಿ ಕಾಣುತ್ತದೆ.

2007–08ರ ಚಳಿಗಾಲದಲ್ಲಿ ಮ್ಯಾಡಿಸನ್‌ನಲ್ಲಿ 101.4 ಇಂಚು ಹಿಮ ಬಿದ್ದು ದಾಖಲೆಯಾಯಿತು. ನಮ್ಮಲ್ಲಿ ಸಾಮಾನ್ಯ ವರ್ಷಕ್ಕೆ 50 ಇಂಚಿನ ಆಸುಪಾಸು. ಎತ್ತಿ ಎತ್ತಿ ಪಕ್ಕಕ್ಕೆ ಹಾಕಿದ ಹಿಮ ದಾರಿಯ ಎರಡೂ ಕಡೆ ಎದೆಮಟ್ಟಕ್ಕೆ ಬೆಳೆದಿತ್ತು. ಇನ್ನು ಎಸೆಯುವುದೆಲ್ಲಿಗೆ ಎಂದು ನೆರೆಹೊರೆಯವರೆಲ್ಲ ಸಲಿಕೆ ಊರಿ ನಿಂತು ಮಾತಾಡುತ್ತಿದ್ದೆವು. ಎದುರುಮನೆಯ ಅಜ್ಜಿ ಥರ್ಮಾಸಿನಲ್ಲಿ ಬಿಸಿ ಕೋಕೋ ತರುತ್ತಿದ್ದರು. ಅವರ ನಡೆದಾರಿಯ ಹಿಮವನ್ನು ಯಾರು ಮೊದಲು ಎದ್ದರೆ ಅವರು ತೆಗೆಯುವುದು ಬೀದಿಯ ವಾಡಿಕೆ, ಯಾರೂ ಹೇಳಿ ಮಾಡಿಸಿದ್ದಲ್ಲ. ಥರ್ಮಾಮೀಟರ್ ಚೆನ್ನಾಗಿ ಇಳಿದಾಗ ಹಿಮದ ಮೇಲೆ ಬೂಟು ಊರಿದರೆ ಕಿರ್ರ್ ಎನ್ನುತ್ತದೆ. ಸೊನ್ನೆಯ ಆಸುಪಾಸಿನಲ್ಲಿ ಆ ಸದ್ದು ಇರುವುದಿಲ್ಲ, ಅಲ್ಲಿ ಹಿಮ ಮೆತ್ತಗೆ ಒತ್ತಿಕೊಳ್ಳುತ್ತದೆ. ಬೆಳಗ್ಗೆ ಮೊದಲ ಹೆಜ್ಜೆ ಕಿರ್ರ್ ಎಂದರೆ ಎರಡು ಜೊತೆ ಕೈಗವಸು ಬೇಕು ಎಂದು ಮಗ ತಾನೇ ಒಳಗೆ ಓಡುತ್ತಿದ್ದ. ಕರಿ ಕೋಟಿನ ತೋಳ ಮೇಲೆ ಬಿದ್ದ ಹಿಮದ ಹರಳನ್ನು ಉಸಿರು ಬಿಗಿಹಿಡಿದು ನೋಡುವುದನ್ನು ಅವನಿಗೆ ಕಲಿಸಿದ್ದೆ. ಸುಮಾರು ಮೈನಸ್ 15 ಡಿಗ್ರಿಯ ಮೋಡದಲ್ಲಿ ಬೆಳೆದ ಹರಳಿಗೆ ಆರು ಕೈ, ಒಂದೊಂದು ಕೈಗೂ ಜರಿಗಿಡದ ಎಲೆಯಂಥ ಕವಲು. ಉಸಿರು ತಾಗಿದರೆ ಒಂದು ಹನಿ ನೀರು.

2023–24 ಹೀಗಿರಲಿಲ್ಲ. ಡಿಸೆಂಬರಿಡೀ ಹುಲ್ಲು ಕಾಣುತ್ತಲೇ ಇತ್ತು. ಕ್ರಿಸ್ಮಸ್ಸಿಗೆ ಮಳೆ ಸುರಿಯಿತು. ಕೊಡೆ ಹಿಡಿದುಕೊಂಡು ದೀಪಾಲಂಕಾರ ನೋಡಲು ಹೊರಟ ಜನರ ಮುಖದಲ್ಲಿ ಹಬ್ಬದ ಕಳೆಯೇ ಇರಲಿಲ್ಲ. ಜನವರಿಯ ಎರಡನೇ ವಾರ ಕೊನೆಗೂ ಹಿಮ ಬಿತ್ತು, ಚೆನ್ನಾಗಿಯೇ ಬಿತ್ತು. ಹಿಂದೆಯೇ ಬಂದ ಚಳಿಗೆ ಜನವರಿ 15ರಂದು ಮೆಂಡೋಟಾ ಹೆಪ್ಪುಗಟ್ಟಿತು. ಇನ್ನೇನು ಎಲ್ಲ ಸರಿಹೋಯಿತು ಎನ್ನುವಷ್ಟರಲ್ಲಿ ತಿಂಗಳ ಕೊನೆಗೆ ಮಬ್ಬು ಕವಿದು, ನೆಲದ ಹಿಮವೆಲ್ಲ ಕರಗಿ ಚರಂಡಿ ಸೇರಿತು. ಫೆಬ್ರವರಿ 8ರಂದು ನಮ್ಮೂರಿನ ದಕ್ಷಿಣಕ್ಕಿರುವ ಇವಾನ್ಸ್‌ವಿಲ್ ಸುತ್ತಮುತ್ತ ಸುಂಟರಗಾಳಿ ಎದ್ದಿತು. ವಿಸ್ಕಾನ್ಸಿನ್ ರಾಜ್ಯದ ದಾಖಲೆಯಲ್ಲಿ ಫೆಬ್ರವರಿ ತಿಂಗಳಲ್ಲಿ ಅಲ್ಲಿಯವರೆಗೂ ಸುಂಟರಗಾಳಿ ಬಂದದ್ದೇ ಇಲ್ಲ. ಮೇ, ಜೂನಿನ ಗುಡುಗು ಸಿಡಿಲು ಹಿಮದ ತಿಂಗಳಿಗೆ ಬಂದಾಗ ನಾವು ನೆಲಮಾಳಿಗೆಗೆ ಇಳಿದು ಕೂತಿದ್ದೆವು. ನಾನು ನಿಜವಾಗಿ ಹೆದರಿದ್ದು ಆಗ. ಫೆಬ್ರವರಿ 28ಕ್ಕೆ ಸರೋವರ ಒಡೆಯಿತು. 44 ದಿನ. ರಾಜ್ಯಕ್ಕೆ ಅದು ದಾಖಲೆಯ ಬಿಸಿ ಚಳಿಗಾಲ.

ಆ ಫೆಬ್ರವರಿಯಲ್ಲೇ ಉತ್ತರ ವಿಸ್ಕಾನ್ಸಿನ್‌ನ ಹೇವರ್ಡ್‌ನಲ್ಲಿ ಬರ್ಕಬೈನರ್ ಸ್ಕೀ ಓಟವೂ ಇತ್ತು. 1973ರಲ್ಲಿ ಶುರುವಾದ ಓಟ. ಸಾವಿರಾರು ಜನ ಕಾಡಿನ ನಡುವೆ ಸುಮಾರು 50 ಕಿಲೋಮೀಟರ್ ಜಾರಿಕೊಂಡು ಬರುತ್ತಾರೆ. 2017ರಲ್ಲಿ ಹಿಮವಿಲ್ಲದೆ ರದ್ದಾಗಿತ್ತು. 2024ರಲ್ಲಿ ರದ್ದು ಮಾಡಲು ಮನಸ್ಸು ಬಾರದೆ ಯಂತ್ರದಿಂದ ಹಿಮ ಮಾಡಿ, 10 ಕಿಲೋಮೀಟರಿನ ಸುತ್ತು ಹಾಸಿ, ಅದರಲ್ಲಿಯೇ ಓಡಿಸಿದರು. ಎರಡೂ ಪಕ್ಕ ಕಂದು ಬಣ್ಣದ ಕಾಡು, ನಡುವೆ ಬಿಳಿ ಪಟ್ಟಿ. ಅದರ ಚಿತ್ರ ನೋಡುತ್ತಿದ್ದ ವಾರವೇ ಊರಿನಿಂದ ಅಮ್ಮನ ಫೋನು.

"ಏನೇ, ನಿಮ್ಮಲ್ಲಿ ಹಿಮ ಬಿತ್ತಾ?"

"ಇಲ್ಲಮ್ಮ. ಬಿದ್ದಿದ್ದೂ ಕರಗೋಯ್ತು. ಮಿಷನ್ನಲ್ಲಿ ಮಾಡಿ ಹಾಕ್ತಿದಾರೆ."

"ಇಲ್ಲೂ ಹಂಗೇ ಆಗಿದೆ ನೋಡು. ಹೂಮಳೆ ಸುದ್ದಿನೇ ಇಲ್ಲ. ನಿಮ್ಮಣ್ಣ ಹಳ್ಳಕ್ಕೆ ಮೋಟರ್ ಇಟ್ಟು ಸ್ಪ್ರಿಂಕ್ಲರ್ ಹೊಡಿಸ್ತಾ ಇದಾನೆ. ಹಳ್ಳದಲ್ಲಿ ನೀರು ಎಲ್ಲಿವರೆಗೆ ಬರುತ್ತೋ."

ಫೋನಿಟ್ಟ ಮೇಲೂ ಆ ಮಾತು ಬಿಡಲಿಲ್ಲ. ರೊಬಸ್ಟಾ ಕಾಫಿ ತೋಟಕ್ಕೆ ಸ್ಪ್ರಿಂಕ್ಲರ್ ಹೊಸದಲ್ಲ. ಅಪ್ಪನ ಕಾಲದಲ್ಲೂ ಇತ್ತು, ಮಳೆ ಕೈಕೊಟ್ಟ ವರ್ಷಕ್ಕೆಂದು. ಈಗ ಅದು ಪ್ರತಿ ವರ್ಷದ ಖರ್ಚಿನ ಪಟ್ಟಿಗೆ ಸೇರಿದೆ. ನಮ್ಮೂರಿನ ಎಲ್ವರ್ ಪಾರ್ಕಿನಲ್ಲಿ ಹಿಮದ ಯಂತ್ರಗಳೂ ಹೀಗೆಯೇ ಬಂದವು. ಚಳಿ ಕಡಿಮೆಯಾದ ವರ್ಷಕ್ಕೆ ಇರಲಿ ಎಂದು ಇಟ್ಟದ್ದು ಈಗ ಅದಿಲ್ಲದೆ ಮಕ್ಕಳ ಸ್ಕೀ ತರಗತಿ ನಡೆಯದು ಎನ್ನುವಂತಾಗಿದೆ. ಹಳ್ಳ ಬತ್ತಿದರೆ ಸ್ಪ್ರಿಂಕ್ಲರ್ ನಿಂತಿತು. ಗಾಳಿ ಸೊನ್ನೆಗಿಂತ ಒಂದೆರಡು ಡಿಗ್ರಿಯಾದರೂ ಕೆಳಗಿಳಿಯದಿದ್ದರೆ ಹಿಮದ ಯಂತ್ರವೂ ನಿಂತಿತು. ಮಾಡಿಕೊಳ್ಳುವ ಮಳೆಗೂ ಮಾಡಿಕೊಳ್ಳುವ ಹಿಮಕ್ಕೂ ನಿಜವಾದ ಮಳೆ, ನಿಜವಾದ ಚಳಿ ಸ್ವಲ್ಪವಾದರೂ ಬೇಕೇ ಬೇಕು.

ಸಂಕ್ರಾಂತಿಗೆ ಎಳ್ಳು ಬೀರಲು ಸೇರಿದಾಗ ಕನ್ನಡದ ಗೆಳತಿಯರು ಕೇಳುತ್ತಾರೆ: ಚಳಿ ಕಡಿಮೆಯಾದರೆ ಒಳ್ಳೆಯದೇ ಅಲ್ವಾ, ಹೀಟರ್ ಬಿಲ್ ಉಳಿಯುತ್ತೆ, ಸಲಿಕೆ ಹಿಡಿಯೋ ಕೆಲಸ ಇಲ್ಲ. ಅವರ ಮಾತನ್ನು ನಾನು ತಳ್ಳಿಹಾಕಲಾರೆ. ಕಡುಚಳಿ ಎಂದರೆ ಏನೆಂದು ನಾನೂ ಕಂಡಿದ್ದೇನೆ. 2019ರ ಜನವರಿ ಕೊನೆಯಲ್ಲಿ ಧ್ರುವದ ಗಾಳಿ ಇಳಿದುಬಂದಾಗ ವಿಶ್ವವಿದ್ಯಾಲಯವನ್ನೇ ಮುಚ್ಚಿದ್ದರು. ಹೊರಗೆ ಹತ್ತು ನಿಮಿಷ ಬರಿಗೈಯಲ್ಲಿ ನಿಂತರೆ ಬೆರಳು ಕಳೆದುಕೊಳ್ಳುವಂಥ ದಿನಗಳು. ಅಂಥ ಚಳಿ ಈಗಲೂ ಬರುತ್ತದೆ, ಮುಂದೆಯೂ ಬಂದೀತು. ನಾನು ಬಯಸುವುದು ಹಿಮ ಹೊದ್ದ ಚಳಿಗಾಲವನ್ನು. ಹಿಮವಿಲ್ಲದ ಚಳಿ ನೆಲಕ್ಕೆ ಇನ್ನೂ ಕ್ರೂರ. ಹಿಮದ ಹೊದಿಕೆಯ ಅಡಿಯಲ್ಲಿ, ನೆಲಕ್ಕೂ ಹಿಮಕ್ಕೂ ನಡುವೆ, ಸೊನ್ನೆ ಡಿಗ್ರಿಯ ಆಸುಪಾಸಿನ ಒಂದು ಲೋಕವಿದೆ. ಮೇಲೆ ಮೈನಸ್ 20 ಇದ್ದರೂ ಅಲ್ಲಿ ಇಲಿಗಳು ಸುರಂಗ ತೋಡಿಕೊಂಡು ಓಡಾಡುತ್ತವೆ. ಎಲೆಗಳ ಅಡಿ ಕಪ್ಪೆಗಳು ಮೈ ಅರ್ಧ ಹೆಪ್ಪುಗಟ್ಟಿಸಿಕೊಂಡು ವಸಂತಕ್ಕೆ ಕಾಯುತ್ತವೆ. ಹೊದಿಕೆ ತೆಳುವಾದರೆ ಈ ಲೋಕಕ್ಕೆ ಚಳಿ ನೇರವಾಗಿ ಬಡಿಯುತ್ತದೆ. ಹಾಲಿನ ರಾಜ್ಯವೆಂದೇ ಹೆಸರಾದ ವಿಸ್ಕಾನ್ಸಿನ್‌ನ ರೈತರಿಗೆ ಇದು ಚೆನ್ನಾಗಿ ಗೊತ್ತು. ಹಸುಗಳ ಮೇವಿನ ಕುದುರೆಮೆಂತೆಯ ಬೇರು ಹಿಮದಡಿಯಲ್ಲಿ ಬದುಕುತ್ತದೆ, ಬರಿನೆಲದಲ್ಲಿ ಕರಗಿ ಹೆಪ್ಪುಗಟ್ಟಿ ಮತ್ತೆ ಕರಗುವ ನೀರಿಗೆ ಸಿಕ್ಕಿ ಸಾಯುತ್ತದೆ.

ಹಿಮಮೊಲದ ಕಥೆ ಇನ್ನೂ ಸಂಕಟದ್ದು. ಹಗಲು ಚಿಕ್ಕದಾಗುತ್ತಿದ್ದಂತೆ ಅದರ ಕಂದು ತುಪ್ಪಟ ಉದುರಿ ಬಿಳಿ ಬರುತ್ತದೆ. ಹಗಲಿನ ಉದ್ದ ಬದಲಾಗಿಲ್ಲ, ಆದ್ದರಿಂದ ಮೊಲ ಹಳೆಯ ಪಂಚಾಂಗದಂತೆಯೇ ಬೆಳ್ಳಗಾಗುತ್ತದೆ. ಹಿಮ ಮಾತ್ರ ಬಂದಿರುವುದಿಲ್ಲ. ಒಣ ಎಲೆಗಳ ಮೇಲೆ ಬೆಳ್ಳಗೆ ಕೂತ ಮೊಲವನ್ನು ಹಿಡಿಯಲು ನರಿಗೆ ಎಷ್ಟು ಹೊತ್ತು? ವಿಸ್ಕಾನ್ಸಿನ್‌ನಲ್ಲಿ ಈ ಮೊಲದ ನೆಲೆಯ ದಕ್ಷಿಣದ ಗಡಿ ಉತ್ತರಕ್ಕೆ ಸರಿಯುತ್ತಿದೆ ಎಂದು ಇಲ್ಲಿನ ಸಂಶೋಧಕರು ಕಂಡುಕೊಂಡಿದ್ದಾರೆ.

ರಸ್ತೆಗಳ ಮೇಲೆ ಹಿಮದ ಬದಲು ಮಳೆ ಬಿದ್ದು ರಾತ್ರಿ ಗಾಜಿನಂತೆ ಹೆಪ್ಪುಗಟ್ಟಿದಾಗ ಉಪ್ಪು ಎರಚುತ್ತಾರೆ. ಎರಚಿದ್ದೆಲ್ಲ ಕೊನೆಗೆ ಸೇರುವುದು ಸರೋವರಕ್ಕೆ. ಮೆಂಡೋಟಾದ ನೀರಿನಲ್ಲಿ ಉಪ್ಪಿನಂಶ ದಶಕದಿಂದ ದಶಕಕ್ಕೆ ಏರುತ್ತಲೇ ಇದೆ.

ಇಂಥ ಬದಲಾವಣೆಗಳು ತಿಳಿಯುವುದು ಯಾರಾದರೂ ಬರೆದಿಟ್ಟರೆ. ಆಲ್ಡೊ ಲಿಯೊಪೋಲ್ಡ್ ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದವರು. ವಿಸ್ಕಾನ್ಸಿನ್ ನದಿಯ ದಂಡೆಯಲ್ಲಿ, ಕೆಟ್ಟುಹೋದ ಹೊಲವೊಂದನ್ನು ಕೊಂಡು, ಕೋಳಿಗೂಡನ್ನೇ ಮನೆ ಮಾಡಿಕೊಂಡು, ಮೊದಲ ಹೂ ಯಾವತ್ತು, ಬಾತುಗಳು ಮರಳಿದ್ದು ಯಾವತ್ತು ಎಂದು 1930, 40ರ ದಶಕಗಳಲ್ಲಿ ಬರೆದಿಟ್ಟರು. ಅವರು ತೀರಿಕೊಂಡದ್ದು 1948ರಲ್ಲಿ. ಮಗಳು ನೀನಾ ಲಿಯೊಪೋಲ್ಡ್ ಬ್ರಾಡ್ಲಿ 1976ರಿಂದ ಅದೇ ಜಾಗದಲ್ಲಿ ಅದೇ ಲೆಕ್ಕ ಮುಂದುವರಿಸಿದರು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ಎಷ್ಟೋ ಹೂಗಳು, ಹಕ್ಕಿಗಳು ಮುಂಚಿಗಿಂತ ಬೇಗ ಬರುತ್ತಿರುವುದು ಕಂಡಿತು. ಅಪ್ಪ ಬರೆದದ್ದನ್ನು ಮಗಳು ಕೈಗೆತ್ತಿಕೊಂಡದ್ದರಿಂದಲೇ ಅದು ತಿಳಿದದ್ದು. ನಮ್ಮ ಮನೆಯಲ್ಲಿ ಅಪ್ಪನ ರಿಜಿಸ್ಟರ್ ಅಣ್ಣನ ಕೈಗೆ ಬಂತು, ಈಗ ಅಣ್ಣನ ಮಗಳು ಬರೆಯುತ್ತಾಳೆ. ಬೆಂಗಳೂರಿನ ಕೆಲಸ ಬಿಟ್ಟು ತೋಟಕ್ಕೆ ಮರಳಿದವಳು ಅವಳು. ಇಂಚು, ಸೆಂಟ್ಸನ್ನು ಮೊಬೈಲಿಗೂ ಹಾಕುತ್ತಾಳೆ, ಪುಸ್ತಕಕ್ಕೂ ಬರೆಯುತ್ತಾಳೆ. ನಾನು ಇಲ್ಲಿಂದ ಹಿಮದ ಇಂಚು ಕಳಿಸುತ್ತೇನೆ, ಅವಳು ಅಲ್ಲಿಂದ ಮಳೆಯದ್ದು.

ಈ ಸಲ ಅವಳು ಇಲ್ಲಿಗೆ ಬರಬೇಕೆಂದಿದ್ದಾಳೆ. ಹಿಮ ಬೀಳುವುದನ್ನು ನೋಡಬೇಕು, ಹೆಪ್ಪುಗಟ್ಟಿದ ಮೆಂಡೋಟಾದ ಮೇಲೆ ನಡೆದು ಮೇಪಲ್ ಬ್ಲಫ್‌ಗೆ ಹೋಗಬೇಕು ಎಂಬ ಆಸೆ. ಮೊನ್ನೆ ಫೋನು ಮಾಡಿ, "ಅತ್ತೆ, ಟಿಕೆಟ್ ಯಾವ ತಾರೀಖಿಗೆ ತೆಗೀಲಿ?" ಎಂದು ಕೇಳಿದಳು. ಹಿಂದೆ ಆಗಿದ್ದರೆ ಯೋಚಿಸದೆ ಕ್ರಿಸ್ಮಸ್ಸಿಗೆ ಬಾ ಅಂದುಬಿಡುತ್ತಿದ್ದೆ. ಫೋನು ಹಿಡಿದುಕೊಂಡೇ ಮೆಂಡೋಟಾದ ಇತ್ತೀಚಿನ ವರ್ಷಗಳ ಪಟ್ಟಿ ತೆಗೆದು ನೋಡಿದೆ. ಡಿಸೆಂಬರ್ ಕೊನೆ, ಜನವರಿ ಮೊದಲು, ಜನವರಿ ನಡು. ಕಟ್ಟಿದರೂ ನಾಲ್ಕು ಇಂಚು ಗಟ್ಟಿಯಾಗಲು ಇನ್ನಷ್ಟು ದಿನ.

"ಜನವರಿ ಕೊನೆಗೆ ತೆಗಿ ಪುಟ್ಟಿ. ದಿನ ಬದಲಾಯಿಸೋಕೆ ಬರೋ ಟಿಕೆಟ್ಟೇ ತೆಗಿ."

"ಸರಿ ಅತ್ತೆ. ಅಷ್ಟೊತ್ತಿಗೆ ಅರೇಬಿಕಾ ಕುಯ್ಲೂ ಮುಗಿದಿರುತ್ತೆ. ಕಣದಲ್ಲಿ ಕಾಫಿ ಇರೋವಾಗ ಮಳೆ ಹಿಡ್ಕೊಳ್ಳದೇ ಇದ್ರೆ ಬಂದೇ ಬರ್ತೀನಿ."